ಹುಳುಮನೆಯಲ್ಲಿ ಹಾಡಿದ ಹಾಳೆ

ನಮ್ಮ ಮನೆಯಲ್ಲಿ ಒಳ್ಳೆಯ ಜಾಗವೆಲ್ಲ ಹುಳುಗಳಿಗೆ, ಮಿಕ್ಕಿದ್ದು ನಮಗೆ. ಚನ್ನಪಟ್ಟಣದಿಂದ ಅಕ್ಕೂರಿನ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಗೆ ಬೆನ್ನು ಹಾಕಿ ಹಿಪ್ಪುನೇರಳೆ ತೋಟಕ್ಕೆ ಮುಖ ಮಾಡಿದ ಹೆಂಚಿನ ಮನೆ ಅದು. ಗಾಳಿ ಬೆಳಕು ಚೆನ್ನಾಗಿದ್ದ ಉದ್ದನೆಯ ಕೋಣೆ ರೇಷ್ಮೆ ಹುಳುಗಳದ್ದು. ಅದನ್ನು ಹುಳುಮನೆ ಎನ್ನುತ್ತಿದ್ದೆವು. ಪಕ್ಕದ ನಡುಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ಮದುವೆಯ ಗೋಜಿಗೇ ಹೋಗದ ದೊಡ್ಡಪ್ಪ ಮತ್ತು ನಾನು ಉಣ್ಣುವುದು, ಮಲಗುವುದು, ಜಗಳವಾಡುವುದು. ಹುಳು ಇದ್ದಷ್ಟು ದಿನ ಅಡುಗೆಗೆ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ದೊಡ್ಡಪ್ಪ ಬೀಡಿ ಸೇದಬೇಕೆಂದರೆ ತೋಟ ದಾಟಿ ಕಾಲುವೆಯ ಆಚೆ ದಡಕ್ಕೆ ಹೋಗಬೇಕು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನೆ ಕೂರುತ್ತದಲ್ಲ, ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೊಟ್ಟೆಯಿಂದ ಗೂಡಿನವರೆಗಿನ ಒಂದು ಬೆಳೆಗೆ ಅಂಥ ನಾಲ್ಕು ಜ್ವರ. ಪೊರೆ ಕಳಚಿ ಮತ್ತೆ ಮೇವಿಗೆ ಬಾಯಿ ಹಾಕಿದರೆ ಜ್ವರ ಎದ್ದಿತು ಎಂದು ಲೆಕ್ಕ. ನನಗೆ ಜ್ವರ ಬಂದರೆ ಒಂದು ಲೋಟ ಗಂಜಿ ಸಿಗುತ್ತಿತ್ತು. ಹುಳುವಿಗೆ ಜ್ವರ ಬಂದರೆ ಇಡೀ ಮನೆ ಪಿಸುಮಾತಿಗೆ ಇಳಿಯುತ್ತಿತ್ತು. ಈ ಸಾಮ್ರಾಜ್ಯಕ್ಕೆಲ್ಲ ಒಡತಿ ಅಪ್ಪನ ತಾಯಿ, ನನ್ನ ಅಜ್ಜಿ. ಅವಳು ಹೇಳಿದ ಹೊತ್ತಿಗೆ ಸೊಪ್ಪು ಬರಬೇಕು, ಅವಳು ಹೇಳಿದ ಹೊತ್ತಿಗೆ ಕಿಟಕಿ ತೆರೆಯಬೇಕು.

ಅಪ್ಪನಿಗೆ ಹುಳುವಿನ ಕೈಗುಣ ಇರಲಿಲ್ಲ. ಅವನು ಮುಟ್ಟಿದ ಹುಳುವಿನ ತಟ್ಟೆಗೆ ರೋಗ ಗ್ಯಾರಂಟಿ ಎಂದು ಅಜ್ಜಿ ಹುಳುಮನೆಯ ಹೊಸ್ತಿಲಿನಿಂದಲೇ ಅವನನ್ನು ವಾಪಸ್ಸು ಕಳಿಸುತ್ತಿದ್ದಳು. ಅವನು ಚನ್ನಪಟ್ಟಣದ ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಮದುವೆ, ತಿಥಿ, ನಾಮಕರಣಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವುದು, ಮಿಕ್ಕ ವೇಳೆಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವುದು ಅವನ ಕಸುಬು. ನಡುಮನೆಯ ಗೂಡಿನಲ್ಲಿ ಅವನೇ ಮಾಡಿದ ಒಂದು ಪೆಟ್ಟಿಗೆ ಸ್ಪೀಕರ್ ಇತ್ತು. ಕೆಳಗೆ ಊಟದ ತಟ್ಟೆಯಷ್ಟು ದೊಡ್ಡದೊಂದು, ಮೇಲೆ ಕಾಫಿ ಬಟ್ಟಲಿನಷ್ಟು ಚಿಕ್ಕದೊಂದು, ಹೀಗೆ ಎರಡು ಬಾಯಿ ಅದಕ್ಕೆ. ಸುತ್ತಲ ಊರಿನಲ್ಲಿ ಅಂಥ ಪೆಟ್ಟಿಗೆ ಇನ್ನೊಂದಿಲ್ಲ ಎಂದು ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಅದರ ಮುಂದೆ ಕೂತು ನಾನು ಹೇಳಿದ ಒಂದು ಮಾತಿನಿಂದ ಈ ಕತೆಯೆಲ್ಲ ಶುರುವಾಯಿತು.

"ಅಪ್ಪಾ, ಈ ಹಾಡೋಳು ಎರಡು ಕಡೆ ಅವ್ಳೆ."

"ಎರಡು ಕಡೆ ಅಂದ್ರೆ?"

"ಎದೆ ಕೆಳಗೈತೆ, ಹಲ್ಲು ಮೇಲೈತೆ. 'ಸ' ಅಂದಾಗ ಮೇಲಕ್ಕೆ ಓಡ್ತಾಳೆ."

ದೊಡ್ಡಪ್ಪ ಉಣ್ಣುತ್ತಿದ್ದ ಮುದ್ದೆಯನ್ನು ನೆತ್ತಿಗೇರಿಸಿಕೊಂಡು ನಕ್ಕ.

"ಇವಳ ಕಿವೀಗೆ ಹುಳ ಹೊಕ್ಕೈತೆ ಕಣ್ಲಾ. ಒಸಿ ಬೆಚ್ಚಗಿನ ಎಣ್ಣೆ ಬುಡು."

ನಗುವುದಕ್ಕೆ ಅವನಿಗೆ ಕಾರಣವಿತ್ತು. ಹಿಂದೊಮ್ಮೆ ನಾನು ಹೆಂಚಿನ ಮೇಲೆ ಚಿರತೆ ಓಡಾಡುತ್ತಿದೆ ಎಂದು ಇಡೀ ಬೀದಿಯನ್ನು ಎಬ್ಬಿಸಿ, ಕೊನೆಗೆ ಅದು ಪಕ್ಕದ ಮನೆಯ ಬಸುರಿ ಬೆಕ್ಕು ಎಂದು ಗೊತ್ತಾಗಿತ್ತು. ಆವತ್ತಿನಿಂದ ನನಗೆ ಬೊಗಳೆ ಭಾಗ್ಯ ಎಂಬ ಬಿರುದು. ತಿರುವಿನಾಚೆ ಬರುತ್ತಿರುವುದು ಲಾರಿಯಲ್ಲ ಬಸ್ಸು ಎಂದು ಹತ್ತು ಸಲ ಸರಿಯಾಗಿ ಹೇಳಿದರೆ ಯಾರಿಗೂ ನೆನಪಿರುತ್ತಿರಲಿಲ್ಲ, ಒಂದು ಸಲ ತಪ್ಪಿದರೆ ಬಿರುದಿಗೆ ಹೊಸ ಬಣ್ಣ ಬಳಿಯುತ್ತಿದ್ದರು. ಮನೆಯವರು ಕೆಟ್ಟವರಲ್ಲ, ಪ್ರೀತಿಯಿಂದಲೇ ನಗುತ್ತಿದ್ದರು. ಆದರೆ ಒಂಬತ್ತು ವರ್ಷದ ಹುಡುಗಿಗೆ ಪ್ರೀತಿಯ ನಗುವೂ ಕುಟುಕುತ್ತದೆ. ನನಗೆ ಬೇಕಾಗಿದ್ದದ್ದು ಹೊಸ ಲಂಗವಲ್ಲ, ಪೇಟೆಯ ಗೊಂಬೆಯೂ ಅಲ್ಲ. ನಾನು ಕೇಳಿದೆ ಎಂದರೆ ಕೇಳಿದೆ ಎಂದು ಇವರು ನಂಬಬೇಕು, ಅದರಲ್ಲೂ ಅಜ್ಜಿ ನಂಬಬೇಕು. ಅಜ್ಜಿ ನಂಬಿದ ಮೇಲೆ ಆ ಮನೆಯಲ್ಲಿ ಇನ್ನು ಮೇಲ್ಮನವಿ ಇರಲಿಲ್ಲ.

ಅಪ್ಪ ಮಾತ್ರ ನಗಲಿಲ್ಲ. ಮುಂದಿನ ಭಾನುವಾರ ಅಂಗಳದಲ್ಲಿ ಚಾಪೆ ಹಾಸಿ ಪೆಟ್ಟಿಗೆಯ ಬೆನ್ನು ಬಿಚ್ಚಿದ. ಒಳಗೆ ತಾಮ್ರದ ತಂತಿಯ ಸುರುಳಿ, ಒಂದೆರಡು ಕೆಪಾಸಿಟರ್ ಇದ್ದ ಸಣ್ಣ ಹಲಗೆಯೊಂದಿತ್ತು. ಅದರಿಂದ ಎರಡು ಜೊತೆ ವೈರು ಹೊರಟು ಒಂದು ದೊಡ್ಡ ಸ್ಪೀಕರಿಗೆ, ಇನ್ನೊಂದು ಚಿಕ್ಕದಕ್ಕೆ ಹೋಗಿತ್ತು. ಅಪ್ಪ ದೊಡ್ಡದರ ಕಾಗದದ ಬಟ್ಟಲನ್ನು ನನ್ನ ಬೆರಳಿನಿಂದ ಮೆಲ್ಲಗೆ ಒತ್ತಿಸಿದ.

"ಇದರ ಮೈ ಭಾರ. ತಮಟೆ, ಗಂಡಸ್ರ ದನಿ ಎಲ್ಲಾ ಇದು ಹೊರ್ತದೆ. ಆದ್ರೆ ಬೇಗ್ ಬೇಗ ಅಲ್ಲಾಡಾಕಾಗಾಕಿಲ್ಲ. ಈ ಚಿಕ್ಕದು ಗೆಜ್ಜೆಗೆ, ಬಳೆಗೆ. ಇದಕ್ಕೆ ಭಾರ ಹೊರಾಕಾಗಾಕಿಲ್ಲ. ಅದಕ್ಕೆ ಹಾಡ್ನ ಈ ಹಲಗೇಲಿ ಎರಡು ಪಾಲು ಮಾಡ್ತೀವಿ. ದಪ್ಪ ಸದ್ದು ಕೆಳಕ್ಕೆ, ಸಣ್ಣ ಸದ್ದು ಮೇಲಕ್ಕೆ. ಇದಕ್ಕೆ ಕ್ರಾಸ್‌ಓವರ್ ಅಂತಾರೆ."

"ಮತ್ತೆ ಮಧ್ಯದ ಸದ್ದು?"

ಅಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಅಲ್ಲೇ ಕಣಮ್ಮಿ ಇರಾದು ತಾಪತ್ರಯ. ಅದ್ನ ಇಬ್ರೂ ಹಾಡ್ತಾರೆ. ಒಬ್ರು ಒಸಿ ಮುಂದೆ, ಒಬ್ರು ಒಸಿ ಹಿಂದೆ. ಹೆಂಗಸ್ರ ದನಿ ಸರ್ಯಾಗಿ ಇಬ್ರೂ ಸೇರೋ ಆ ಹೊಲಿಗೆ ಮೇಲೇ ಕುಂತ್ಕತದೆ. ಜನಕ್ಕೆ ಕೇಳ್ಸಾಕಿಲ್ಲ. ನಿನಗೆ ಕೇಳ್ಸೈತೆ."

ಈಗ ರಾಮನಗರದಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೂ, ನನಗೆ ಯಾರಾದರೂ ಕೊಟ್ಟ ಸರ್ಟಿಫಿಕೇಟುಗಳಲ್ಲಿ ಅಪ್ಪನ ಆ ಕೊನೆಯ ಎರಡು ಪದಗಳಷ್ಟು ಬೆಲೆಯದು ಇನ್ನೊಂದಿಲ್ಲ. ಅಪ್ಪ ಅಲ್ಲಿಗೇ ನಿಲ್ಲಲಿಲ್ಲ. ಹೊಲಿಗೆಯೇ ಇಲ್ಲದ ಸ್ಪೀಕರ್ ಒಂದಿದೆ, ಪಾಲು ಮಾಡುವ ಹಲಗೆಯೇ ಅದಕ್ಕೆ ಬೇಡ ಎಂದು ಯಾವುದೋ ಹಳೆಯ ರೇಡಿಯೋ ಪತ್ರಿಕೆಯಲ್ಲಿ ಓದಿದ್ದನಂತೆ. ಅದನ್ನು ಮಾಡಿಯೇ ಬಿಡುತ್ತೇನೆ ಎಂದ. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಅಲ್ಲಿ ಕೇಳಿ, ಬಿಸಾಡುವ ಪಾಲಿಯೆಸ್ಟರ್ ಹಾಳೆಯ ತುದಿಯೊಂದನ್ನು ತಂದುಕೊಟ್ಟ. ಈರುಳ್ಳಿಯ ಒಳಸಿಪ್ಪೆಗಿಂತ ತೆಳು. ಉಸಿರು ಬಿಟ್ಟರೆ ಹಾರುತ್ತಿತ್ತು. ಆದರೆ ಅದನ್ನು ಹರಡಿ ಕೆಲಸ ಮಾಡಲು ನಮ್ಮ ಮನೆಯಲ್ಲಿ ಧೂಳಿಲ್ಲದ ಜಾಗ ಒಂದೇ ಒಂದು: ಹುಳುಮನೆ. ಆಗ ಒಂದು ಬೆಳೆ ಮುಗಿದು, ತಟ್ಟೆ ತೊಳೆದು, ಬ್ಲೀಚಿಂಗ್ ಪುಡಿ ಹಾಕಿ ಶುದ್ಧ ಮಾಡಿ, ಕೋಣೆ ಖಾಲಿ ಇತ್ತು. ಅಜ್ಜಿಯ ಮುಂದೆ ಅಪ್ಪ ಕೈಕಟ್ಟಿ ನಿಂತ. ಅರ್ಧ ದಿನ ಜಗಳವಾಯಿತು. ಹುಳುಮನೆ ಏನು ಗುಜರಿ ಅಂಗಡಿಯೇ ಎಂದು ಅಜ್ಜಿ, ಬರೀ ಇಪ್ಪತ್ತು ದಿನ ಎಂದು ಅಪ್ಪ. ಅವ್ವ ಇಬ್ಬರಿಗೂ ಮಜ್ಜಿಗೆ ಕೊಟ್ಟು ಕೊಟ್ಟು ಸೋತಳು.

"ಚಾಕಿ ಹುಳ ಬರಗಂಟ ಮಡೀಕೊ," ಎಂದಳು ಅಜ್ಜಿ ಕೊನೆಗೆ. ಚಾಕಿ ಎಂದರೆ ಮೊಟ್ಟೆಯೊಡೆದು ಬಂದ ಎಳೆ ಹುಳು. "ಚಾಕಿ ಬಂದ ದಿನ ನಿನ್ ತಗಡು ಹೊರಗಿರಬೇಕು. ಹಾಡಿದ್ರೆ ನಡುಮನೇಲಿ, ಹಾಡ್ನಿಲ್ಲ ಅಂದ್ರೆ ಗುಜರೀಲಿ. ಆಮೇಲೆ ಈ ಹೆಣ್ಣು ಎದೆ ಕೆಳಗೈತೆ, ಹಲ್ಲು ಮೇಲೈತೆ ಅಂತ ಬೊಗಳೆ ಬುಟ್ರೆ ಕೆನ್ನೆ ಮೇಲೆ ಬುಡ್ತೀನಿ."

ಅಪ್ಪನ ಸ್ಪೀಕರು ಹಾಡದಿದ್ದರೆ ನನ್ನ ಕಿವಿಯೂ ಅದರ ಜೊತೆಗೆ ಗುಜರಿಗೆ ಹೋಗುವುದು ಎಂದು ನನಗೆ ಅರ್ಥವಾಯಿತು.

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಅಪ್ಪನ ಸ್ನೇಹಿತರೊಬ್ಬರು ಬಾಗಿಲಿನಷ್ಟು ದೊಡ್ಡ ಮರದ ಚೌಕಟ್ಟು ಮಾಡಿ, ಗೊಂಬೆಗೆ ಬಳಿಯುವ ಅರಗನ್ನೇ ಅದಕ್ಕೂ ಬಳಿದು ಕೊಟ್ಟರು. ಅರಗಿನ ಮೇಲೆ ಕರೆಂಟು ಹರಿಯುವುದಿಲ್ಲ ಎಂದು ಅಪ್ಪ ಅದನ್ನೇ ಕೇಳಿ ಮಾಡಿಸಿದ್ದ. ಹಾಳೆಯನ್ನು ಚೌಕಟ್ಟಿಗೆ ಅಂಟಿಸಿದ್ದು ಅವ್ವ. ಎಳೆದು ಅಂಟಿಸಿ, ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ಒಂದು ಗೇಣು ದೂರದಲ್ಲೇ ಹಿಡಿದು ಆಡಿಸಿದಳು. ಸುಕ್ಕೆಲ್ಲ ತಾನಾಗಿ ಹೋಗಿ ಹಾಳೆ ಬಿಗಿಯಿತು. ಏರಿಸಿದ ಕರೆಂಟು ಮೈಯೆಲ್ಲ ಹರಡಲೆಂದು ಅದರ ಮೇಲೆ ಪೆನ್ಸಿಲ್ ಕಡ್ಡಿಯ ಪುಡಿಯನ್ನು ಹತ್ತಿಯಲ್ಲಿ ಉಜ್ಜಿ, ಮತ್ತೆ ಇದ್ದೂ ಇಲ್ಲದಂತೆ ಒರೆಸುವ ಕೆಲಸ ನನ್ನದು. ನನ್ನ ಶಾಲೆಯ ಪೆನ್ಸಿಲ್ಲುಗಳೆಲ್ಲ ಅದಕ್ಕೇ ಮುಗಿದವು. ಹಾಳೆಯ ಮುಂದೊಂದು ಹಿಂದೊಂದು ತೂತು ತೂತಿನ ಲೋಹದ ತಗಡು, ನಡುವೆ ಕೂದಲೆಳೆಯಷ್ಟಲ್ಲದಿದ್ದರೂ ಬೆರಳು ತೂರದಷ್ಟು ಸಂದು. ಹಳೆಯ ಟೀವಿಯ ಭಾಗಗಳಿಂದ ಅಪ್ಪ ಒಂದು ಡಬ್ಬಿ ಮಾಡಿದ್ದ. ಅದು ಹಾಳೆಗೆ ಸಾವಿರಾರು ವೋಲ್ಟು ಏರಿಸಿ ಕೂರಿಸುತ್ತಿತ್ತು. ಅವನಿಲ್ಲದಾಗ ಯಾರೂ ಸ್ವಿಚ್ಚು ಮುಟ್ಟಬಾರದು ಎಂದು ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ.

ಇದು ಹಾಡುವುದು ಹೇಗೆ ಎಂದು ಅವ್ವ ಮುದ್ದೆ ತಿರುವುತ್ತಾ ಕೇಳಿದ್ದೂ, ಅಪ್ಪ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಹೇಳಿದ್ದೂ ನೆನಪಿದೆ.

"ಪಾಲಿಯೆಸ್ಟರ್ ಸೀರೆ ಚಳಿಗಾಲ್ದಲ್ಲಿ ಕಾಲಿಗೆ ಅಂಟ್ಕತದಲ್ಲಾ, ಅದೇ ಇದು. ಹಾಳೆ ಮೇಲೆ ಆ ಅಂಟೋ ಗುಣ ತುಂಬಿ ಮಡಗ್ತೀನಿ. ಹಾಡು ಬರಾದು ಎರಡು ತಗಡಿಗೆ. ಮುಂದಿನ ತಗಡು ಬಾ ಅಂತ ಎಳ್ದಾಗ ಹಿಂದಿನದು ಹೋಗು ಅಂತ ನೂಕ್ತದೆ. ಆಮೇಲೆ ಇದು ನೂಕ್ತದೆ, ಅದು ಎಳೀತದೆ. ಮಧ್ಯ ಇರಾ ಹಾಳೆ ಇಡೀ ಮೈ ಒಂದೇ ಸಲ ಹೋಯ್ತದೆ, ಬತ್ತದೆ."

"ಯಾವ ತಗಡಿಗೂ ತಾಗಬಾರದಾ?"

"ತಾಗಂಗೇ ಇಲ್ಲ."

"ಗೊತ್ತಾಯ್ತು ಬುಡಿ," ಎಂದಳು ಅವ್ವ ದನಿ ತಗ್ಗಿಸಿ, ನಡುಮನೆಯ ಕಡೆ ಕಣ್ಣು ಹೊರಳಿಸಿ. "ಒಂದು ಕಡೆ ಅತ್ತೆ, ಒಂದು ಕಡೆ ಗಂಡ. ಮಧ್ಯ ಇರೋಳು ಸೊಸೆ. ಅದಕ್ಕೇ ಅದು ಅಷ್ಟು ತೆಳ್ಳಗಿರಾದು."

ಅಪ್ಪ ಕೂತಲ್ಲೇ ಹಿಂದಕ್ಕೆ ಉರುಳುವಷ್ಟು ನಕ್ಕ. ಆಮೇಲೆ ಹೊಲಿಗೆ ಯಾಕೆ ಬೇಡ ಎಂಬುದನ್ನು ನನಗೆ ಹೇಳಿದ. ಕಾಗದದ ಬಟ್ಟಲಿಗೆ ಅದರ ಸುರುಳಿಯ ಭಾರ, ಅದರ ಮೈಯ ಭಾರ ಎರಡೂ ಇದೆ. ಒಬ್ಬರಿಂದ ಎಲ್ಲ ಕೆಲಸ ಆಗದೆ ಇಬ್ಬರನ್ನು ಇಟ್ಟುಕೊಳ್ಳಬೇಕು. ಈ ಹಾಳೆಯೋ ತನ್ನ ಎದುರಿನ ಗಾಳಿಯಷ್ಟೂ ಭಾರವಿಲ್ಲ. ನಿಧಾನ ಆಡು ಎಂದರೆ ನಿಧಾನ, ಬೇಗ ಆಡು ಎಂದರೆ ಬೇಗ. ತಮಟೆಯನ್ನೂ ಗೆಜ್ಜೆಯನ್ನೂ ಒಂದೇ ಮೈ ಹಾಡುವಾಗ ಪಾಲು ಮಾಡುವುದು ಯಾರಿಗೆ? ನಾನು ಕೂತಲ್ಲೇ ಚಪ್ಪಾಳೆ ತಟ್ಟಿದೆ. ಹಾಡುವವಳು ಇನ್ನು ಒಂದೇ ಕಡೆ ನಿಲ್ಲುತ್ತಾಳೆ, ಅಜ್ಜಿ ತನ್ನ ಕಿವಿಯಾರೆ ಕೇಳುತ್ತಾಳೆ ಎಂದುಕೊಂಡೆ.

ಕೇಳಲಿಲ್ಲ. ಮೊದಲ ದಿನ ಸಂಜೆ ಅಪ್ಪ ಸ್ವಿಚ್ಚು ಹಾಕಿದಾಗ ಹಾಳೆಯಿಂದ ಬಂದದ್ದು, ಕಂಬಳಿ ಹೊದ್ದು ಮಲಗಿದವರು ಒಳಗಿನಿಂದಲೇ ಗೊಣಗಿದಂಥ ದನಿ. ನಡುನಡುವೆ ಚಿಟ್ ಚಿಟ್ ಎಂಬ ಸದ್ದು. ಮಾರನೆಯ ಬೆಳಿಗ್ಗೆಯೂ ಅಷ್ಟೇ. ಅಪ್ಪ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಒಂದು ಗಂಟೆ, ಸಂಜೆ ಬಂದ ಮೇಲೆ ಒಂದು ಗಂಟೆ ಅದರ ಮುಂದೆ ಕೂರುತ್ತಿದ್ದ. ಡಬ್ಬಿ ಬದಲಾಯಿಸಿದ, ವೈರು ಬದಲಾಯಿಸಿದ, ಸಂದು ಅಳೆದು ನೋಡಿದ. ದಿನಗಳು ಉರುಳುತ್ತಿದ್ದವು, ಹಾಳೆ ಗೊಣಗುತ್ತಲೇ ಇತ್ತು. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಬೈಯದೆ ಇದ್ದದ್ದೇ ನಮಗೆ ಹೆದರಿಕೆ ಹುಟ್ಟಿಸಿತ್ತು.

ನನಗೆ ಬೇಸಿಗೆ ರಜೆ. ಒಂದು ಮಧ್ಯಾಹ್ನ ಅಜ್ಜಿ ಮತ್ತು ಅವ್ವ ತೋಟದಲ್ಲಿದ್ದಾಗ, ತಲೆ ಮೇಲೆ ಕೈಯಿಟ್ಟು ಹೇಳಿದ್ದನ್ನು ಮರೆತು ನಾನು ಸ್ವಿಚ್ಚು ಹಾಕಿದೆ. ಮರೆತು ಎನ್ನುವುದು ಸುಳ್ಳು, ನೆನಪಿಟ್ಟುಕೊಂಡೇ ಹಾಕಿದೆ. ಯಾವುದೋ ಮದುವೆಯ ಸೋಬಾನೆ ಪದಗಳ ಕ್ಯಾಸೆಟ್ ಅದಕ್ಕೆ ಜೋಡಿಸಿದ್ದ ಟೇಪ್‌ರೆಕಾರ್ಡರಿನಲ್ಲಿತ್ತು. ಹಾಳೆ ಗೊಣಗಲಿಲ್ಲ. ನಾಲ್ಕು ಹೆಂಗಸರು ಬಂದು ನನ್ನ ಎದುರಿಗೆ ಸಾಲಾಗಿ ಕೂತರು. ಒಬ್ಬಳಿಗೆ ಶೀತವಾಗಿತ್ತು. ಒಬ್ಬಳು ಪದದ ಕೊನೆಯಲ್ಲಿ ಉಸಿರು ಸಾಲದೆ ಪಕ್ಕದವಳಿಗೆ ಬಿಟ್ಟುಕೊಡುತ್ತಿದ್ದಳು. ಯಾರ ಹಲ್ಲೂ ಮೇಲಕ್ಕೆ ಓಡಲಿಲ್ಲ, ಯಾರ ಎದೆಯೂ ಕೆಳಗೆ ಉಳಿಯಲಿಲ್ಲ. ನನಗೆ ಅಳು ಬಂತು. ಸಂತೋಷಕ್ಕೆ ಅಳು ಬರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ. ಸಂಜೆ ಅಪ್ಪ ಸೈಕಲ್ಲು ಇಳಿಯುವ ಮುಂಚೆಯೇ ಓಡಿಹೋಗಿ ಹೇಳಿದೆ. ಅಪ್ಪ ಒಳಗೆ ಬಂದು ಸ್ವಿಚ್ಚು ಹಾಕಿದ. ಹಾಳೆ ಕಂಬಳಿ ಹೊದ್ದು ಗೊಣಗಿತು.

"ಮಧ್ಯಾಹ್ನ ಹಾಡ್ತು ಅಪ್ಪಾ, ದಿಟವಾಗ್ಲೂ."

"ಮುಟ್ಟಬ್ಯಾಡ ಅಂದಿದ್ದೆ," ಎಂದ ಅಪ್ಪ. ದನಿ ಏರಿಸಲಿಲ್ಲ. "ಮುಟ್ಟಿದ್ದೂ ಅಲ್ದೆ ಹಿಂಗೆ ಹೇಳ್ತೀಯಾ. ಮಧ್ಯಾಹ್ನ ಹಾಡೋದು ಸಂಜೆ ಯಾಕೆ ಹಾಡಾಕಿಲ್ಲ? ಯಂತ್ರಕ್ಕೆ ಹೊತ್ತು ಗೊತ್ತು ಇರ್ತದಾ?"

ದೊಡ್ಡಪ್ಪ ಹಿಂದಿನಿಂದ, "ಬೊಗಳೆ ಭಾಗ್ಯಂಗೆ ಬೆಕ್ಕು ಮತ್ತೆ ಚಿರತೆ ಆಯ್ತು," ಎಂದ. ಅದು ನನಗೆ ತಾಗಲೇ ಇಲ್ಲ. ಅಪ್ಪ ನಂಬಲಿಲ್ಲವಲ್ಲ ಎಂಬುದೊಂದೇ ತಾಗಿತು. ಆವತ್ತು ಬಸ್ಸಾರು ಮುದ್ದೆ ಬಿಟ್ಟು ಎದ್ದೆ. ಬಸ್ಸಾರು ಬಿಡುವುದು ನನ್ನಂಥವಳಿಗೆ ಸಣ್ಣ ಮಾತಲ್ಲ. ಆದರೆ ನಾನು ಅಳುತ್ತಾ ಕೂರುವ ಜಾತಿಯೂ ಅಲ್ಲ, ನನಗೆ ಮೂಗಿನ ತುದಿಯಲ್ಲಿ ಕೋಪ. ಮಧ್ಯಾಹ್ನ ಇದ್ದದ್ದು, ಬೆಳಿಗ್ಗೆ ಸಂಜೆ ಇಲ್ಲದ್ದು ಏನೋ ಆ ಕೋಣೆಯಲ್ಲಿದೆ, ಅದು ಏನೆಂದು ಹಿಡಿದೇ ತೀರುತ್ತೇನೆ ಎಂದು ಹಟ ಹಿಡಿದೆ. ಚಾಕಿ ಬರುವುದಕ್ಕೆ ಇನ್ನು ಎರಡು ದಿನ ಬಾಕಿ ಇತ್ತು.

ಮಾರನೆಯ ಬೆಳಿಗ್ಗೆ ಬೆಳಕು ಹರಿಯುತ್ತಲೇ ಎದ್ದು ಹುಳುಮನೆಯ ಬಾಗಿಲ ಪಕ್ಕ ಕಾದು ಕೂತೆ. ಅಜ್ಜಿ ಬಕೆಟ್ಟು ಹಿಡಿದು ಬಂದಳು. ಒಳಗೆ ಹೋಗಿ ಐದು ಕಿಟಕಿಗೂ ನೇತುಹಾಕಿದ್ದ ಗೋಣಿಚೀಲದ ಮೇಲೆ ಚೊಂಬಿನಿಂದ ನೀರು ಹುಯ್ದಳು. ಹಾಳೆಯ ಮುಂದೆ ಒಂದು ಗಳಿಗೆ ನಿಂತು, ಮೈ ನೋಡಿ, ಸದ್ದಿಲ್ಲದೆ ಹೊರಗೆ ಬಂದಳು. ನನಗೆ ಮೊದಲು ಏನೂ ಹೊಳೆಯಲಿಲ್ಲ. ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗೆ ಒದ್ದೆ ಗೋಣಿ ಇರುವುದು ಗೋಡೆಗೆ ಸುಣ್ಣ ಇರುವಷ್ಟೇ ಸಹಜ. ಹುಳುವಿಗೆ ತಂಪು ಬೇಕು, ಇಲ್ಲದಿದ್ದರೆ ಸೊಪ್ಪೂ ಬಾಡುತ್ತದೆ. ಅಪ್ಪನೂ ಅವ್ವನೂ ಇಷ್ಟು ದಿನದಿಂದ ಆ ಗೋಣಿಗಳ ನಡುವೆಯೇ ಓಡಾಡಿದ್ದರೂ ನೋಡಿರಲಿಲ್ಲ. ಆದರೆ ಈಗ ಕೋಣೆಯಲ್ಲಿ ಒಂದು ಹುಳುವೂ ಇಲ್ಲವಲ್ಲ! ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಗೋಣಿ ಒಣಗಿ ಗರಗರ ಎನ್ನುತ್ತಿದ್ದದ್ದು ನೆನಪಾಯಿತು. ಹಲ್ಲುಜ್ಜುತ್ತಿದ್ದ ಅಪ್ಪನನ್ನು ಕೈ ಹಿಡಿದು ಎಳೆದುಕೊಂಡು ಬಂದೆ.

"ಗೋಣಿ ಮುಟ್ಟಿ ನೋಡು."

ಅಪ್ಪ ಮುಟ್ಟಿದ. ಬೆರಳಿನ ತುದಿಯಿಂದ ನೀರು ತೊಟ್ಟಿಕ್ಕಿತು. ಅವನು ಹಾಗೇ ನೆಲಕ್ಕೆ ಕುಸಿದು ಕೂತು ತನ್ನ ಹಣೆಯನ್ನು ತಾನೇ ಬಡಿದುಕೊಂಡ.

"ತೇವ! ಏರಿಸಿದ್ದ ವೋಲ್ಟೆಲ್ಲ ತೇವದ ದಾರಿ ಹಿಡ್ದು ಸೋರ್ಕೊಂಡು ಹೋಯ್ತಾ ಐತೆ. ಬರೀ ಹಾಳೆ ಏನ್ ಹಾಡ್ತದೆ? ಯಾರಮ್ಮಿ ಇದ್ನ ನೆನೆಸಿದ್ದು?"

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಬಕೆಟ್ಟು ಇನ್ನೂ ಕೈಯಲ್ಲೇ ಇತ್ತು.

"ನಾನೇ ಕಣ್ಲಾ ನೆನೆಸ್ದೋಳು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಅಷ್ಟು ಎಳೇ ಮೈ ಅದು. ಈ ಬಿಸಿಲಿಗೆ ಒಣಗಿ ಸೀಳೋದಾತು ಅಂತ."

ಗುಜರಿಗೆ ಕಳಿಸುತ್ತೇನೆ ಎಂದವಳು ಇಷ್ಟು ದಿನದಿಂದ ಯಾರಿಗೂ ಹೇಳದೆ ಅಪ್ಪನ ಹಾಳೆಯನ್ನು ಹುಳುವಿನಂತೆ ಸಾಕಿದ್ದಳು. ಅಪ್ಪ ಎದ್ದು ಅವಳ ಕೈಯಿಂದ ಬಕೆಟ್ಟು ಇಸಕೊಂಡ. ಆಮೇಲೆ ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ:

"ತಪ್ಪಾಯ್ತು ಕಣವ್ವ. ನಿನ್ನೆ ನೀನು ಹೇಳಿದ್ದು ದಿಟ."

ಆವತ್ತು ಅವನು ಅಂಗಡಿ ತೆರೆಯಲಿಲ್ಲ. ಗೋಣಿಗಳನ್ನೆಲ್ಲ ಇಳಿಸಿ, ಕಿಟಕಿ ತೆರೆದು, ಬಿಸಿಲು ಒಳಗೆ ಬಿಟ್ಟೆವು. ಹೊತ್ತು ಏರಿದಂತೆ ಹಾಳೆಯ ದನಿಯೂ ಏರಿತು. ಸೋಬಾನೆ ಹೆಂಗಸರು ಬಂದು ಸಾಲಾಗಿ ಕೂತರು. ಅವ್ವ ಕೈಯಲ್ಲಿದ್ದ ಮೊರ ಕೆಳಗಿಡುವುದನ್ನೇ ಮರೆತು ನಿಂತಳು. ದೊಡ್ಡಪ್ಪ ಮಾತ್ರ ಸೋಲೊಪ್ಪಲಿಲ್ಲ. ತಮಟೆಯ ಕ್ಯಾಸೆಟ್ ಹಾಕಿಸಿ, ತಮಟೆ ಉಪವಾಸ ಬಿದ್ದಂಗೈತೆ ಎಂದು ಗೊಣಗಿದ. ಅದು ನಿಜವೇ ಆಗಿತ್ತು. ಹಾಳೆಯ ಮುಂದೆ ಹೊರಟ ದಪ್ಪ ಸದ್ದನ್ನು ಹಿಂದೆ ಹೊರಟ ಸದ್ದು ಬಂದು ಅಳಿಸುತ್ತದೆ, ಇನ್ನೂ ದೊಡ್ಡ ಹಾಳೆ ಬೇಕು ಎಂದು ಅಪ್ಪನೇ ಒಪ್ಪಿಕೊಂಡ. ಅಜ್ಜಿ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಂಡಳು.

"ಹಾಡ್ತು, ಸರಿ. ನಡುಮನೇಲಿ ಮಡೀಕೊ. ಆದ್ರೆ ಆ ಪೆಟ್ಟಿಗೇಲಿ ಹಾಡೋಳು ಎರಡು ಕಡೆ ಅವ್ಳ, ಇದ್ರಲ್ಲಿ ಒಂದೇ ಕಡೆ ಅವ್ಳ ಅನ್ನಾದು ನಂಗಂತೂ ಗೊತ್ತಾಗ್ನಿಲ್ಲ. ಹಾಡು ಹಾಡೇ."

ಅಪ್ಪನ ಗೆಲುವು ಅಪ್ಪನಿಗೆ ಸಿಕ್ಕಿತ್ತು, ನನ್ನದು ಇನ್ನೂ ಬಾಗಿಲಾಚೆಯೇ ಇತ್ತು. ಅಪ್ಪ ಸ್ವಲ್ಪ ಯೋಚಿಸಿ, ಹಾಡು ಬೇಡ ಎಂದ. ಪೆಟ್ಟಿಗೆ ಸ್ಪೀಕರನ್ನು ತಂದು ಹಾಳೆಯ ಪಕ್ಕ ಇಟ್ಟು, ಎರಡರ ಮುಂದೂ ಅವ್ವನ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದ. ಅಂಗಡಿ ಚೀಲದಿಂದ ಒಂದು ಕ್ಯಾಸೆಟ್ ತೆಗೆದ. ಸಣ್ಣ ಸದ್ದಿನಲ್ಲೇ ಸ್ಪೀಕರಿನ ಬಂಡವಾಳ ಬಯಲಾಗುತ್ತದೆ ಎಂದು ಹಿಂದಿನ ಬೆಳೆಯಲ್ಲಿ ಅವನು ಅಜ್ಜಿಯ ಕಣ್ಣು ತಪ್ಪಿಸಿ ಹುಳುವಿನ ತಟ್ಟೆಯೊಂದರೊಳಗೇ ಮೈಕು ಇಟ್ಟು, ಹುಳು ಸೊಪ್ಪು ತಿನ್ನುವ ಸದ್ದನ್ನು ತುಂಬಿಕೊಂಡಿದ್ದನಂತೆ. ಅದನ್ನು ನನಗೂ ಅವ್ವನಿಗೂ ಮಾತ್ರ ಪಿಸುಗುಟ್ಟಿ ಹೇಳಿದ. ಅಜ್ಜಿಗೆ ಕಣ್ಣು ಮುಚ್ಚಿ ಕೇಳು ಎಂದಷ್ಟೇ ಹೇಳಿ, ಮೊದಲು ಪೆಟ್ಟಿಗೆಯಲ್ಲಿ ಹಾಕಿದ.

"ಏನವ್ವಾ ಇದು?" ಎಂದು ಕೇಳಿದ.

ಅಜ್ಜಿ ಹುಬ್ಬು ಗಂಟಿಕ್ಕಿದಳು.

"ಮೇಲುಗಡೆ ಬಾಣಲೇಲಿ ಎಣ್ಣೆ ಕಾಯ್ತಾ ಐತೆ. ಕೆಳುಗಡೆ ಯಾರೋ ಒಣಗಿದ ಎಲೆ ತುಳೀತಾ ಅವ್ರೆ."

ಅವ್ವ ನನ್ನ ತೋಳು ಹಿಡಿದು ಒತ್ತಿದಳು. ಮೇಲುಗಡೆ, ಕೆಳುಗಡೆ! ಅಜ್ಜಿಗೆ ತಾನು ಏನು ಹೇಳಿದೆ ಎಂಬುದು ಇನ್ನೂ ಗೊತ್ತಿರಲಿಲ್ಲ. ಅಪ್ಪ ವೈರು ಬದಲಾಯಿಸಿ, ಅದೇ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಹಾಳೆಯಲ್ಲಿ ಹಾಕಿದ. ಒಂದು ಕ್ಷಣ ಕೋಣೆಯಲ್ಲಿ ಏನೂ ಇರಲಿಲ್ಲ. ಆಮೇಲೆ ಜಿನುಗು ಮಳೆ ಹಿಡಿದಂತೆ ಸರಸರ ಸರಸರ ಶುರುವಾಯಿತು. ಅಜ್ಜಿ ಕಣ್ಣು ಬಿಟ್ಟಳು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಕಿಟಕಿಯಾಚೆ ಉಗಿದಳು. ಹುಳುವಿನ ಹತ್ತಿರ ಹೊಗೆಸೊಪ್ಪಿನ ಬಾಯಿ ತರುವವಳಲ್ಲ ಅವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಯಾರ್ಲಾ ನನ್ ಕೇಳ್ದೆ ಹುಳ ತಂದು ಮಡಗಿರೋರು? ನಾಕನೇ ಜ್ವರ ಎದ್ದು ಮೂರು ದಿನ ಆಗೈತೆ ಇದಕ್ಕೆ. ಸೊಪ್ಪು ಸಾಲ್ದಾಗೈತೆ. ಅಂಚಲ್ಲಿರವು ಆಗ್ಲೇ ದಂಟು ಕಡೀತಾ ಅವೆ, ಕೇಳ್ಸಾಕಿಲ್ವಾ ನಿಮ್ಗೆ?"

ಅಪ್ಪ ಓಡಿಹೋಗಿ ಸ್ವಿಚ್ಚು ಆರಿಸುವಷ್ಟರಲ್ಲಿ ಅವಳು ಸೀರೆ ಎತ್ತಿಯೇ ಬಿಟ್ಟಿದ್ದಳು. ಸೀರೆಯ ಹಿಂದೆ ತಟ್ಟೆಯೂ ಇಲ್ಲ, ಹುಳುವೂ ಇಲ್ಲ. ತೂತಿನ ತಗಡು ಮಾತ್ರ ಸುಮ್ಮನೆ ನಿಂತಿತ್ತು. ಆ ಕ್ಯಾಸೆಟ್ಟು ತುಂಬಿದ್ದು ನಾಲ್ಕನೆಯ ಜ್ವರ ಎದ್ದು ಮೂರನೆಯ ದಿನ ಎಂದು ಅಪ್ಪ ಅದರ ಮೇಲೆ ಬರೆದಿದ್ದ. ಅವ್ವ ಅದನ್ನು ಓದಿ ಹೇಳಿದಾಗ ದೊಡ್ಡಪ್ಪ ಬೀಡಿಕಟ್ಟು ಹಿಡಿದು ಕಾಲುವೆಯ ಕಡೆ ಹೊರಟ. ಅವನು ಹಾಗೆ ಜಾಗ ಖಾಲಿ ಮಾಡಿದ್ದನ್ನು ನಾನು ಇವತ್ತಿಗೂ ಸವಿಯುತ್ತೇನೆ. ಅಜ್ಜಿ ಮತ್ತೆ ಕೂತಳು, ಇನ್ನೊಂದು ಸಲ ಹಾಕು ಎಂದಳು. ಪೆಟ್ಟಿಗೆಯಲ್ಲಿ ಒಮ್ಮೆ, ಹಾಳೆಯಲ್ಲಿ ಒಮ್ಮೆ ಕೇಳಿದಳು. ಮೂರನೆಯ ಸಲ ಕೇಳಿ ನನ್ನನ್ನು ಹತ್ತಿರ ಕರೆದಳು. ಕೆನ್ನೆಗೆ ಬೀಳುತ್ತದೇನೋ ಎಂದುಕೊಂಡೇ ಹೋದೆ. ಅವಳು ನನ್ನ ಕಿವಿಯೊಂದನ್ನು ಬೆರಳಲ್ಲಿ ಹಿಡಿದು, ಮೊಗ್ಗು ನೋಡುವಂತೆ ಆಚೆ ಈಚೆ ತಿರುಗಿಸಿ ನೋಡಿದಳು.

"ಇದು ನಿಮ್ಮಪ್ಪನ್ ಕಿವಿ ಅಲ್ಲ ಕಣಮ್ಮಿ," ಎಂದಳು. "ನನ್ನದು."

ಹೇಳಿದ ದಿನಕ್ಕೆ ಚಾಕಿ ಬಂತು. ಹಾಳೆ ನಡುಮನೆಗೆ ಹೋಯಿತು, ಗೋಣಿಗಳು ಮತ್ತೆ ಕಿಟಕಿಗೆ ಏರಿ ನೆನೆದವು, ಒಗ್ಗರಣೆ ನಿಂತಿತು. ನಾಲ್ಕನೆಯ ಜ್ವರ ಎದ್ದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಸೊಪ್ಪಿನ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನನ್ನನ್ನು ಹುಳುಮನೆಯೊಳಗೆ ಕರೆದಳು. ಮೇಲಿಂದ ಕೆಳಗಿನವರೆಗೆ ತಟ್ಟೆಗಳ ಸಾಲು, ಎಲ್ಲ ಕಡೆಯಿಂದಲೂ ಸರಸರ. ಎಲ್ಲಿ ಮೇವು ಮುಗಿದಿದೆ ಹೇಳು ಎಂದಳು. ದೊಡ್ಡಪ್ಪ ಬಾಗಿಲಾಚೆ ನಿಂತು ನೋಡುತ್ತಿದ್ದ. ನಾನು ಕಣ್ಣು ಮುಚ್ಚಿದೆ. ನನ್ನ ಎಡಗಡೆ, ಕೆಳಗಿನಿಂದ ಎರಡನೆಯ ತಟ್ಟೆಯಲ್ಲಿ ಮಳೆ ನಿಂತಿತ್ತು. ಬೆರಳು ತೋರಿಸಿದೆ. ಅಜ್ಜಿ ನೇರ ಅಲ್ಲಿಗೆ ಹೋದಳು. ತಟ್ಟೆ ಹೊರಗೆ ಎಳೆದು ನೋಡಲಿಲ್ಲ, ಬಗ್ಗಿ ಇಣುಕಲಿಲ್ಲ. ಬುಟ್ಟಿಗೆ ಕೈ ಹಾಕಿ, ಮುಖ ನನ್ನ ಕಡೆಯೇ ಇಟ್ಟುಕೊಂಡು, ಆ ತಟ್ಟೆಗೆ ಸೊಪ್ಪು ಹರಡಿದಳು.